ಮೂರನೇ ಬಾಗಿಲು

"ಸತ್ತ ಭಾಷೆಯಲ್ಲಿ ಬರೆದದ್ದು ಸಾಯಿಸುತ್ತೆ ಮೇಡಂ. ಇದರಲ್ಲಿ ವಿಚಾರಣೆ ಮಾಡೋಕೆ ಏನಿದೆ?"

ಹೀಗೆಂದು ಸೊಲ್ಯೂಷನ್ ಕುರ್ಚಿಗೆ ಒರಗಿದ. ಅವನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ನಲ್ಲಿ ಸೋರಿದರೂ, ಲಿಫ್ಟ್ ಕೆಟ್ಟರೂ, ನರ್ಸುಗಳಿಗೆ ರಜೆ ಸಿಗದಿದ್ದರೂ "ನನ್ನ ಹತ್ರ ಸೊಲ್ಯೂಷನ್ ಇದೆ" ಅನ್ನುತ್ತಿದ್ದ. ಅದರಿಂದ ವಾರ್ಡಿನ ಆಯಾಗಳು ಇಟ್ಟ ಹೆಸರೇ ಅವನಿಗೆ ಗಟ್ಟಿಯಾಯಿತು. ನಲ್ಲಿ ಈಗಲೂ ಸೋರುತ್ತಿತ್ತು. ಲಿಫ್ಟು ಕೆಟ್ಟೇ ಇತ್ತು.

ಮೇಜಿನ ತಲೆಯಲ್ಲಿ ದೊಡ್ಡ ಡಾಕ್ಟರಮ್ಮ ಕೂತಿದ್ದರು. ಈ ತನಿಖಾ ಸಮಿತಿಗೆ ಅವರೇ ಅಧ್ಯಕ್ಷೆ. ಅವರ ಎಡಕ್ಕೊಬ್ಬ, ಬಲಕ್ಕೊಬ್ಬ ಸದಸ್ಯರು. ಆ ಇಬ್ಬರನ್ನೂ ತಲೆಯಾಡಿಸಲೆಂದೇ ಆರಿಸಿ ತಂದಂತಿತ್ತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜರಡಿ ಎಂದೇ ಹೆಸರಾದವಳು ಕೂತಿದ್ದಳು. ಐವತ್ತು ದಾಟಿದ ಹೆಂಗಸು, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಹಳೆಯ ಬಟ್ಟೆಚೀಲ. ಇಪ್ಪತ್ತು ವರ್ಷದಿಂದ ಪತ್ತೇದಾರಿಕೆಯೇ ಅವಳ ಕಸುಬು. ಅವಳ ಮುಂದೆ ಸುಳ್ಳು ಹೇಳಿ ಪಾರಾದವರು ಕಡಿಮೆ. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವರು ಅದಕ್ಕೂ ಕಡಿಮೆ.

ನಡೆದದ್ದು ಇಷ್ಟು. ಸೋಮವಾರ ಈ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ಹೊಟ್ಟೆಯ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದ ನಿವೃತ್ತ ಬಸ್ ಡ್ರೈವರೊಬ್ಬ ಸತ್ತ. ಅವನ ನರಕ್ಕೆ ಹನಿಸಿದ ಪೋಷಣೆಯ ಚೀಲದಲ್ಲಿ ಪೊಟ್ಯಾಸಿಯಂ ಐದು ಪಟ್ಟು ಇತ್ತು. ಆ ಚೀಲ ತುಂಬಿಸುವ ಯಂತ್ರವನ್ನು ನಡೆಸುವ ಪ್ರೋಗ್ರಾಮ್ ಬರೆದವನೇ ಕೊಲೆಗಾರ ಎಂದು ಎಲ್ಲರೂ ಆಗಲೇ ತೀರ್ಮಾನಿಸಿ ಆಗಿತ್ತು.

ಜರಡಿ ಮೇಜಿನ ಮೇಲಿದ್ದ ನಾಲ್ಕು ಪುಟದ ವರದಿಯನ್ನು ಎರಡು ಬೆರಳಲ್ಲಿ ಎತ್ತಿದಳು, ಇಲಿಯ ಬಾಲ ಹಿಡಿದಂತೆ.

"ಈ ವರದಿ ಬರೆದದ್ದು ನೀವೇನಾ?"

"ನಾನೇ," ಅಂದ ಸೊಲ್ಯೂಷನ್.

"ಯಾವತ್ತು?"

"ಕೆಳಗೆ ತಾರೀಖು ಇದೆಯಲ್ಲ. ಮಂಗಳವಾರ."

"ಸಮಿತಿ ನೇಮಕ ಆದದ್ದು?"

ದೊಡ್ಡ ಡಾಕ್ಟರಮ್ಮನೇ ಹೇಳಿದರು, "ಬುಧವಾರ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಅಂದಳು ಜರಡಿ. "ಹೊಲಿಗೆ ಮಾತ್ರ ಚೆನ್ನಾಗಿದೆ."

ಎಡಗಡೆಯ ಸದಸ್ಯ ಅಭ್ಯಾಸಬಲದಿಂದ ತಲೆಯಾಡಿಸಿ, ಆಮೇಲೆ ಯಾರ ಮಾತಿಗೆ ಆಡಿಸಿದೆ ಎಂದು ನೆನಪಾಗಿ ಗಾಬರಿಯಾದ.

ಸೊಲ್ಯೂಷನ್ ನಕ್ಕ. ಅವನ ನಗು ಹಲ್ಲಿಂದ ಒಳಗೆ ಹೋಗುತ್ತಿರಲಿಲ್ಲ. "ನೋಡಿ ಮೇಡಂ, ನಿಮಗೆ ತಾಂತ್ರಿಕ ವಿಷಯ ಗೊತ್ತಾಗಲ್ಲ, ತಪ್ಪಿಲ್ಲ. ಲೋಕದಲ್ಲಿ ಎಲ್ಲರೂ ನಾಲ್ಕೋ ಐದೋ ಭಾಷೆಯಲ್ಲಿ ಪ್ರೋಗ್ರಾಮ್ ಬರೀತಾರೆ. ಈ ಮಹಾನುಭಾವ ಮಾತ್ರ ಯಾರೂ ಮೂಸಿ ನೋಡದ ಭಾಷೆಯಲ್ಲಿ ಬರ್ದಿದ್ದಾನೆ. ಇಡೀ ಕಟ್ಟಡದಲ್ಲಿ ಇದನ್ನ ಓದಬಲ್ಲವನು ಅವನೊಬ್ಬನೇ. ಅದಕ್ಕೇ ಎಲ್ಲರೂ ಅವನನ್ನ 'ಶಾಸನ' ಅಂತ ಕರೆಯೋದು. ಕಲ್ಲಿನ ಮೇಲೆ ಕೆತ್ತಿದ ಹಾಗಿರುತ್ತೆ, ಓದೋರೇ ಇಲ್ಲ."

"ನೀವು ಓದಲ್ವಾ?"

"ನಾನಾ?" ಯಾರೋ ಅವನ ಕೈಗೆ ಕಸಪೊರಕೆ ಕೊಟ್ಟಂತೆ ಮುಖ ಮಾಡಿದ. "ಆ ಮಟ್ಟಕ್ಕೆ ಇಳಿಯೋ ಗತಿ ನನಗೆ ಬಂದಿಲ್ಲ. ಕೇಳಿ, ಒಂದು ಸಾಲು ತಮಾಷೆಗೆ ಓದ್ತೀನಿ. ಅವನೇ ಕೈಪಿಡಿಯಲ್ಲಿ ಅರ್ಥ ಬರ್ದಿದ್ದಾನೆ. 'ಹತ್ತು ತೂಕ ಮುಟ್ಟಿತೇ, ಪಂಪು ನಿಲ್ಲಿಸು.' ಮೊದಲು ಅಂಕಿ, ಆಮೇಲೆ ವಸ್ತು, ಕೊನೆಗೆ ಕೆಲಸ. ಎಲ್ಲಾ ತಲೆಕೆಳಗು!"

ಇಬ್ಬರು ಸದಸ್ಯರೂ ನಕ್ಕರು.

"ನೀವು ಬೆಳಿಗ್ಗೆ ಎದ್ದು ಏನು ಹೇಳ್ತೀರಿ? 'ನಾನು ನೀರು ಕುಡಿದೆ' ಅಂತೀರೋ, 'ಕುಡಿದೆ ನಾನು ನೀರು' ಅಂತೀರೋ?" ಅಂದಳು ಜರಡಿ. "ನಮ್ಮ ಮಾತಿನಲ್ಲೂ ಕೆಲಸ ಕೊನೆಗೇ ಬರೋದು. ಕೆಲವರ ಬಾಳಲ್ಲಂತೂ ಕೊನೆಗೂ ಬರಲ್ಲ."

ನಗು ನಿಂತಿತು.

ಅವಳು ಎದ್ದಳು. "ಡಾಕ್ಟರಮ್ಮಾ, ಒಂಬತ್ತು ವರ್ಷದಲ್ಲಿ ಆ ಯಂತ್ರ ಸಾವಿರಾರು ಚೀಲ ತುಂಬಿದೆ. ಒಂದೂ ತಪ್ಪಿಲ್ಲ. ಭಾಷೆ ಸತ್ತಿದ್ದರೆ ಒಂಬತ್ತು ವರ್ಷದ ಹಿಂದೆಯೇ ಸತ್ತಿತ್ತಲ್ವಾ? ಸೋಮವಾರ ಬೆಳಿಗ್ಗೆ ಎದ್ದು ಕೊಲೆ ಮಾಡೋಣ ಅಂತ ಅದಕ್ಕೆ ಯಾಕನ್ನಿಸಿತು? ಇಲ್ಲಿ ಕೂತು ಕಾಗದ ಓದಿದ್ದು ಸಾಕು. ಯಂತ್ರದ ಮುಂದೆ ಹೋಗೋಣ ಬನ್ನಿ."

ಮಿಶ್ರಣ ಕೋಣೆ ನೆಲಮಹಡಿಯ ಕೊನೆಯಲ್ಲಿತ್ತು. ಹೊರಗಿನ ಗೋಡೆಯ ಮೇಲೆ ಬಾಗಿಲಷ್ಟು ಅಗಲದ ಹೊಸ ಪರದೆ. ಅದರಲ್ಲಿ ನೀಲಿ, ಹಸಿರು, ಕಿತ್ತಳೆ ಬಣ್ಣದ ಗಡಿಯಾರದಂಥ ಚಿತ್ರಗಳು. ಭೇಟಿಗೆ ಬಂದ ದೊಡ್ಡವರು ನೋಡಿ ಬೆರಗಾಗಲಿ ಎಂದು ಸೊಲ್ಯೂಷನ್ ಹಾಕಿಸಿದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದುಕೊಂಡಳು ಜರಡಿ.

ಪರದೆಯ ಕೆಳಗಿನ ಬೆಂಚಿನಲ್ಲಿ ಶಾಸನ ಕೂತಿದ್ದ. ಅರವತ್ತರ ಹತ್ತಿರದವನು. ಒಗೆದು ಒಗೆದು ತೆಳುವಾದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಅಮಾನತಾದವನಿಗೆ ಒಳಗೆ ಪ್ರವೇಶವಿಲ್ಲ, ಕೀಬೋರ್ಡ್ ಮುಟ್ಟುವಂತಿಲ್ಲ. ಸೊಲ್ಯೂಷನ್ ಹತ್ತಿರ ಬಂದಾಗ ಅವನು ತಲೆ ಎತ್ತಿ, ಚಪ್ಪಲಿಗೆ ಮೆತ್ತಿದ್ದನ್ನು ನೋಡುವಂತೆ ನೋಡಿ, ಮತ್ತೆ ತಲೆ ತಗ್ಗಿಸಿದ. ತಾತ್ಸಾರದಲ್ಲಿ ಈ ಇಬ್ಬರೂ ಸರಿಸಮ.

ಒಳಗೆ ಯಂತ್ರದ ಮುಂದೆ ನಿಂತಿದ್ದವಳು ಶಾಸನನ ತಂಗಿ. ಚೀಲ ತುಂಬಿಸುವ ಫಾರ್ಮಸಿಸ್ಟ್ ಅವಳೇ. ಸೋಮವಾರ ಮಧ್ಯಾಹ್ನ ಎರಡನೇ ಚೀಲಕ್ಕೆ ಶುರು ಮಾಡುವಾಗ ಪೊಟ್ಯಾಸಿಯಂ ಬಾಟಲಿ ಆಗಲೇ ಖಾಲಿಯಾದದ್ದು ಕಂಡು, ಯಂತ್ರ ನಿಲ್ಲಿಸಿ, ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಓಡಿದ್ದಳು. ಅಷ್ಟರಲ್ಲಿ ಡ್ರೈವರ್‌ನ ಮಂಚದ ಸುತ್ತ ಪರದೆ ಎಳೆದಾಗಿತ್ತು. ಮಾರನೇ ದಿನ ಅಣ್ಣನನ್ನು ಉಳಿಸಿಕೊಡಿ ಎಂದು ಜರಡಿಯ ಬಾಗಿಲು ತಟ್ಟಿದವಳೂ ಅವಳೇ.

ಎಲ್ಲರೂ ತಲೆಗೆ ಟೋಪಿ, ಕಾಲಿಗೆ ಕವರು ಹಾಕಿಕೊಂಡು ಒಳಗೆ ಬಂದರು. ಸೊಲ್ಯೂಷನ್‌ಗೆ ಟೋಪಿ ಚಿಕ್ಕದಾಗಿ ಕಿವಿ ಹೊರಗೆ ಉಳಿಯಿತು.

"ತಂಗೀ," ಅಂದಳು ಜರಡಿ, "ಪೊಟ್ಯಾಸಿಯಂ ಬಾಟಲಿ ತೆಗೆದು ನೀರಿನ ಬಾಟಲಿ ಇಡು. ಎಷ್ಟು ಹಿಡಿಯುತ್ತೆ?"

"ಐವತ್ತು ಗ್ರಾಂ ಅಕ್ಕಾ."

"ತಕ್ಕಡಿ ಮೇಲೆ ಖಾಲಿ ಲೋಟ ಇಡು. ಹತ್ತು ಗ್ರಾಂ ಕೇಳು."

ತಂಗಿ ಗುಂಡಿ ಒತ್ತಿದಳು. ಪಂಪು ಗುರ್ರೆಂದಿತು. ತೆಳು ನಳಿಕೆಯಿಂದ ನೀರು ಹನಿಹನಿಯಾಗಿ ಲೋಟಕ್ಕೆ ಬೀಳತೊಡಗಿತು.

ತಕ್ಕಡಿಯ ಮೈಮೇಲಿನ ಪುಟ್ಟ ಗಾಜಿನಲ್ಲಿ ಅಂಕಿ ಏರಿತು. ಐದು. ಎಂಟು. ಹತ್ತು. ಪಂಪು ನಿಲ್ಲಲಿಲ್ಲ. ಹದಿನೈದು. ಇಪ್ಪತ್ತೆರಡು. ದೊಡ್ಡ ಡಾಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದರು. ಮೂವತ್ತು. ನಲವತ್ತು. ಕೊನೆಗೆ ನಳಿಕೆ ಗಾಳಿ ಹೀರಿ ಗೊರಗೊರ ಅಂದಾಗ ಪಂಪು ತಾನೇ ನಿಂತಿತು. ಪಕ್ಕದ ಪೆಟ್ಟಿಗೆಯಿಂದ ಒಂದು ಚೀಟಿ ಹೊರಬಂತು.

ಜರಡಿ ಅದನ್ನು ಹರಿದು ಡಾಕ್ಟರಮ್ಮನ ಕೈಗೆ ಕೊಟ್ಟಳು. ಅದರ ಮೇಲೆ ಅಚ್ಚಾಗಿದ್ದದ್ದು: ಹತ್ತು ಗ್ರಾಂ.

"ಕೇಳಿದ್ದನ್ನ ಅಚ್ಚು ಹಾಕುತ್ತೆ, ಸುರಿದದ್ದನ್ನಲ್ಲ," ಅಂದಳು. "ಇದು ಮಾತ್ರ ಶಾಸನದವರ ಪೆದ್ದುತನ. ಅದನ್ನ ಅವರಿಗೆ ನಿನ್ನೆಯೇ ಮುಖಕ್ಕೆ ಹೇಳಿ ಬಂದಿದ್ದೀನಿ."

"ನಾನು ಹೇಳಿದ್ದೂ ಅದೇ!" ಸೊಲ್ಯೂಷನ್ ಚಪ್ಪಾಳೆ ತಟ್ಟಿದ. "ಎಲ್ಲರ ಕಣ್ಣ ಮುಂದೇ ನೋಡಿದ್ರಲ್ಲ! ಅವನ ಪ್ರೋಗ್ರಾಮಿಗೆ ಹತ್ತು ಯಾವುದು ಐವತ್ತು ಯಾವುದು ಅಂತ ಗೊತ್ತಿಲ್ಲ!"

"ತಕ್ಕಡಿಗೆ ಗೊತ್ತಿತ್ತಲ್ಲ. ಗಾಜಿನಲ್ಲಿ ಸರಿಯಾಗೇ ತೋರಿಸ್ತು. ಹಾಗಾದ್ರೆ ತಕ್ಕಡಿಗೂ ಪ್ರೋಗ್ರಾಮಿಗೂ ನಡುವೆ ಯಾರು ಇದ್ದಾರೆ?"

ಸೊಲ್ಯೂಷನ್ ತನ್ನ ಬರಿ ಕಿವಿಯನ್ನು ಟೋಪಿಯೊಳಗೆ ತುರುಕಲು ನೋಡಿದ.

"ಡಾಕ್ಟರಮ್ಮಾ, ಇದನ್ನ ನಾನು ನಿನ್ನೆ ಕಲಿತದ್ದು, ತಪ್ಪಿದ್ರೆ ಇವರು ತಿದ್ದಲಿ. ಪ್ರೋಗ್ರಾಮ್ ತಕ್ಕಡಿ ಜೊತೆ ನೇರ ಮಾತಾಡಲ್ಲ. ನಡುವೆ ಒಂದು ಕಾಂಪೊನೆಂಟ್ ಲೈಬ್ರರಿ ಇರುತ್ತೆ. ಸೀಲು ಹಾಕಿದ ಡಬ್ಬಿ ಅಂದ್ಕೊಳ್ಳಿ. ಒಳಗೇನಿದೆ ಯಾರಿಗೂ ಬೇಡ. ಹೊರಗೆ ಸಾಲಾಗಿ ಬಾಗಿಲುಗಳು. ಒಂದು ಬಾಗಿಲು ತಟ್ಟಿದ್ರೆ ಒಂದು ಕೆಲಸ. ಯಾವ ಭಾಷೆಯವನು ಬೇಕಾದ್ರೂ ಬಂದು ತಟ್ಟಬಹುದು. ಅದೇ ಅದರ ದೊಡ್ಡಸ್ತಿಕೆ. ಸರಿನಾ?"

"ಒರಟಾಗಿ ಹೇಳೋದಾದ್ರೆ ಸರಿ," ಅಂದ ಸೊಲ್ಯೂಷನ್.

"ನಾನು ಒರಟಾಗೇ ಹೇಳೋದು. ನಿಮ್ಮಂಥ ನಾಲ್ಕೈದು ದೊಡ್ಡ ಭಾಷೆಯವರಿಗೆ ಸಿದ್ಧ ಸಲಕರಣೆ ಇದೆ. ಬಾಗಿಲ ಮೇಲಿನ ಹೆಸರು ಓದ್ಕೊಂಡು ತಟ್ಟುತ್ತೆ. ಶಾಸನದವರ ಭಾಷೆಗೆ ಆ ಸಲಕರಣೆ ಯಾರೂ ಮಾಡಿಕೊಟ್ಟಿಲ್ಲ, ಜನ ಕಡಿಮೆ ಅಂತ. ಹಾಗಾಗಿ ಅವರು ಕೈಯಾರೆ ಎಣಿಸಿ ಬರ್ದಿದ್ದಾರೆ. ಮೂರನೇ ಬಾಗಿಲು ತಟ್ಟು, ಈವರೆಗೆ ಬಿದ್ದ ಒಟ್ಟು ತೂಕ ಸಿಗುತ್ತೆ ಅಂತ. ಒಂಬತ್ತು ವರ್ಷ ಸಿಕ್ತು."

ಅವಳು ಬಟ್ಟೆಚೀಲದಿಂದ ಎರಡು ಹಾಳೆ ತೆಗೆದಳು.

"ಇದು ಹಳೇ ಲೈಬ್ರರಿಯ ಬಾಗಿಲುಗಳ ಪಟ್ಟಿ. ಮೂರನೇದು, ಒಟ್ಟು ತೂಕ. ಇದು ಈಗ ಈ ಕಂಪ್ಯೂಟರಿನಲ್ಲಿ ಇರೋ ಲೈಬ್ರರಿಯದ್ದು, ಬೆಳಿಗ್ಗೆ ತಂಗಿ ತೆಗೆದುಕೊಟ್ಟದ್ದು. ಹೆಸರು ಅದೇ, ಗುರುತಿನ ಸಂಖ್ಯೆ ಅದೇ, ಆವೃತ್ತಿ ಮಾತ್ರ ಹೊಸದು. ಆದರೆ ನಡುವೆ ಹೊಸದೊಂದು ಬಾಗಿಲು ಹುಟ್ಟಿದೆ. ಮೂರನೇ ಜಾಗದಲ್ಲಿ. ಓದ್ತೀರಾ, ಸ್ವಾಮಿ?"

ಸೊಲ್ಯೂಷನ್ ಓದಲಿಲ್ಲ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಓದಿದರು, "ಕಳೆದ ಸಲ ನೋಡಿದ ಮೇಲೆ ಎಷ್ಟು ಬಿತ್ತು."

"ಒಂದು ಹನಿ ಬಿತ್ತು. ಮತ್ತೊಂದು ಹನಿ ಬಿತ್ತು. ಪ್ರೋಗ್ರಾಮ್ ಪಾಪ ಪ್ರತಿ ಸಲ ಕೇಳುತ್ತೆ, ಒಟ್ಟು ಹತ್ತಾಯ್ತಾ? ಬಾಗಿಲು ಹೇಳುತ್ತೆ, ಸೊನ್ನೆ ಪಾಯಿಂಟ್ ಎರಡು. ಹತ್ತಾಯ್ತಾ? ಸೊನ್ನೆ ಪಾಯಿಂಟ್ ಎರಡು. ಬಾಟಲಿ ಮುಗಿಯೋವರೆಗೂ ಹತ್ತು ಆಗೋದೇ ಇಲ್ಲ. ಉಳಿದವು ಮೊದಲೇ ಅಳೆದಿಟ್ಟ ಬಾಟಲಿಗಳು, ಪೂರ್ತಿ ಖಾಲಿಯಾಗಬೇಕಾದವೇ. ಒಂದೂವರೆ ಲೀಟರಿನ ಚೀಲದಲ್ಲಿ ನಲವತ್ತು ಗ್ರಾಂ ಹೆಚ್ಚಾದ್ರೆ ಕೈಗೆ ಗೊತ್ತಾಗುತ್ತಾ? ಆಗಲ್ಲ. ಡ್ರೈವರ್‌ನ ಎದೆಗೆ ಗೊತ್ತಾಯ್ತು."

ಗಾಜಿನಾಚೆ, ಹೊರಗಿನ ಪರದೆಯ ಬಣ್ಣ ಎದುರು ಗೋಡೆಯ ಮೇಲೆ ಮಿನುಗುತ್ತಿತ್ತು.

"ಆ ಬಾಗಿಲು ಯಾತಕ್ಕೆ ಬೇಕಿತ್ತು, ನಾನು ಹೇಳ್ಲಾ?" ಜರಡಿ ಗಾಜಿನತ್ತ ಕೈ ತೋರಿಸಿದಳು. "ಅಲ್ಲಿ ಸೂಜಿ ಕುಣಿಸೋಕೆ. ಹನಿ ಬಿದ್ದಾಗೆಲ್ಲ ಸೂಜಿ ಟಕ್ ಅಂತ ಹಾರಬೇಕಿತ್ತು. ಬರೀ ಒಟ್ಟು ತೂಕ ತೋರಿಸಿದ್ರೆ ಸೂಜಿ ನಿಧಾನಕ್ಕೆ ಏರುತ್ತೆ, ನೋಡೋಕೆ ಮಜಾ ಇರಲ್ಲ. ಅಲ್ವಾ?"

"ಅದು, ನೋಡಿ, ಅದು ಆಧುನೀಕರಣದ ಯೋಜನೆ—"

"ಅಲ್ವಾ ಅಂತ ಕೇಳ್ದೆ."

"ಹೌದು! ನಮ್ಮ ವಿಭಾಗದಲ್ಲೇ ಮಾಡಿದ್ದು. ಅದರಲ್ಲೇನು ತಪ್ಪು? ನನ್ನ ಬೇರೆ ಎಲ್ಲಾ ಪ್ರೋಗ್ರಾಮುಗಳೂ ಆ ಲೈಬ್ರರಿ ಜೊತೆ ಚೆನ್ನಾಗೇ ಓಡ್ತಿವೆ."

"ಓಡದೇ ಏನು? ಅವು ಹೆಸರು ಓದ್ತಾವೆ. ಮಗ್ಗುಲು ಮನೆಗೆ ಬೆಂಕಿ ಬಿದ್ದರೂ ನಮ್ಮ ಮನೆ ತಂಪಾಗಿದೆ ಅಂದ ಹಾಗಾಯ್ತು. ಒಂದು ಸಲ ಬಾಗಿಲುಗಳನ್ನ ಊರಿಗೆಲ್ಲ ಸಾರಿದ ಮೇಲೆ ಅವುಗಳ ಸಾಲು ಕದಲಿಸಬಾರದು, ಹೊಸದು ಬೇಕಿದ್ರೆ ಹೊಸ ಸಂಖ್ಯೆ ಕೊಟ್ಟು ಬೇರೆ ಸಾಲು ಮಾಡಬೇಕು. ಇದು ಈ ಕಸುಬಿನ ಮೊದಲನೇ ಪಾಠ ಅಂತೆ. ನಿನ್ನೆ ಒಂದು ಗಂಟೆಯಲ್ಲಿ ನನಗೆ ಅರ್ಥ ಆಯ್ತು. ನಿಮಗೆ ಎಷ್ಟು ವರ್ಷ ಆಯ್ತು ಸ್ವಾಮಿ, ಈ ಕೆಲಸದಲ್ಲಿ?"

ಸೊಲ್ಯೂಷನ್‌ನ ಕುತ್ತಿಗೆ ಕೆಂಪಾಯಿತು.

"ತಂಗೀ, ಆ ಸಂಖ್ಯೆಗೆ ಯಾವ ಫೈಲು ಅಂತ ಕಂಪ್ಯೂಟರ್ ಒಂದು ಕಡೆ ಬರೆದಿಟ್ಕೊಂಡಿರುತ್ತಂತಲ್ಲ, ಅದನ್ನ ತೆರೆ. ತಾರೀಖು ಓದು."

"ಭಾನುವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು," ತಂಗಿ ಓದಿದಳು.

"ಹಳೇ ಫೈಲಿನ ಹಾದಿ ಬರೆದು ಮತ್ತೆ ಹತ್ತು ಗ್ರಾಂ ಕೇಳು."

ತಂಗಿ ಬರೆದಳು. ಹೊಸ ಬಾಟಲಿ, ಹೊಸ ಲೋಟ. ಪಂಪು ಗುರ್ರೆಂದಿತು. ಐದು. ಎಂಟು. ಒಂಬತ್ತೂವರೆ. ಹತ್ತು.

ಪಂಪು ನಿಂತಿತು. ನಳಿಕೆಯ ತುದಿಯಲ್ಲಿ ಒಂದು ಹನಿ ತೂಗಾಡಿತು, ಬೀಳಲಿಲ್ಲ.

ಗಾಜಿನಾಚೆ ಬೆಂಚಿನಿಂದ ಶಾಸನ ಎದ್ದು ನಿಂತಿದ್ದ.

ಬಲಗಡೆಯ ಸದಸ್ಯ ಮೊದಲ ಸಲ ತಲೆಯಾಡಿಸದೆ ಬಾಯಿಬಿಟ್ಟ. "ಅಂದ್ರೆ, ಭಾಷೆಯದ್ದು ತಪ್ಪಲ್ಲ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು ಜರಡಿ. "ಇಲ್ಲಿ ಕುಣಿದದ್ದು ಸೂಜಿ. ಕುಣಿಸಿದವರು ಇವರು. ಯಾರಿಗೂ ಹೇಳಲಿಲ್ಲ, ಪರೀಕ್ಷೆ ಮಾಡಲಿಲ್ಲ, ಮಂಗಳವಾರ ಕೂತು ಇನ್ನೊಬ್ಬನ ಕುತ್ತಿಗೆಗೆ ಅಳತೆ ತಗೊಂಡು ನಾಲ್ಕು ಪುಟ ಹೊಲಿದ್ರು. ಕೊಲೆಗಾರ ಅನ್ನೋ ಮಾತು ದೊಡ್ಡದು. ಅಷ್ಟು ಯೋಗ್ಯತೆ ಇವರಿಗಿಲ್ಲ. ಬರೀ ಅಸಡ್ಡಾಳ."

ಆ ಒಂದು ಮಾತು ಸೊಲ್ಯೂಷನ್‌ನನ್ನು ಚುಚ್ಚಿತು. ಅವನು ಟೋಪಿ ಕಿತ್ತು ನೆಲಕ್ಕೆ ಎಸೆದ.

"ಸರಿ! ಭಾನುವಾರ ಬದಲಾಯಿಸಿದ್ದು ನಾನೇ. ಮಂಗಳವಾರ ಬರೆದದ್ದೂ ನಾನೇ. ಅದಕ್ಕೇನು ಶಿಕ್ಷೆಯೋ ಕೊಡಿ. ಆದರೆ ನಾನು ಅಸಡ್ಡಾಳ ಅಲ್ಲ. ಅವನ ಕೈಪಿಡಿ ಓದಿಯೇ ಬದಲಾಯಿಸಿದ್ದು." ಅವನು ಕಪಾಟಿನಿಂದ ದಪ್ಪ ಕಡತವೊಂದನ್ನು ಎಳೆದು, ಪುಟ ಹುಡುಕಿ ಡಾಕ್ಟರಮ್ಮನ ಮುಂದೆ ಚಾಚಿದ. "ಹನ್ನೆರಡನೇ ಪುಟ. ಅವನದೇ ಕೈಬರಹ. ಓದಿ."

ಡಾಕ್ಟರಮ್ಮ ಓದಿದರು. "'ಪ್ರೋಗ್ರಾಮ್ ಶುರುವಾದಾಗ ಲೈಬ್ರರಿಗೆ ಅದರ ಆವೃತ್ತಿ ಕೇಳುತ್ತದೆ. ಬೇರೆ ಆವೃತ್ತಿ ಕಂಡರೆ ಕೆಲಸ ಮಾಡದೆ ನಿಲ್ಲುತ್ತದೆ.'"

"ಕಾವಲು!" ಅಂದ ಸೊಲ್ಯೂಷನ್. "ಅವನೇ ಇಟ್ಟ ಕಾವಲು. ಸೋಮವಾರ ಬೆಳಿಗ್ಗೆ ಪ್ರೋಗ್ರಾಮ್ ನಿಲ್ಲುತ್ತೆ, ಹೊಸದಕ್ಕೆ ಹೊಂದಲ್ಲ ಅಂತ ಎಲ್ಲರಿಗೂ ತೋರಿಸಿ ಅದನ್ನ ಕಿತ್ತು ಬಿಸಾಡೋಣ ಅಂತಿದ್ದೆ. ಹೌದು, ಅದೇ ನನ್ನ ಲೆಕ್ಕಾಚಾರ. ಚಿಲ್ಲರೆ ಬುದ್ಧಿ ಅನ್ನಿ, ಒಪ್ಕೊಳ್ತೀನಿ. ಆದರೆ ಅದು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ? ಅದನ್ನ ಜರಡಿ ಹಿಡಿದ್ರಾ ಮೇಡಂ?"

ಹಿಡಿದಿರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಜರಡಿಗೆ ಉತ್ತರ ಹೊಳೆಯದೆ ಹೋದ ಸಂದರ್ಭಗಳು ಬೆರಳೆಣಿಕೆಯವು. ಅದರಲ್ಲೂ ಇಂಥವನ ಬಾಯಿಂದ ಬಂದ ಪ್ರಶ್ನೆಗೆ ನಿರುತ್ತರಳಾಗುವುದು ನಾಲಿಗೆಯ ಮೇಲೆ ಕಹಿ ಗುಳಿಗೆ ಕರಗಿದಂತಾಯಿತು.

"ಹತ್ತು ನಿಮಿಷ," ಅಂದರು ದೊಡ್ಡ ಡಾಕ್ಟರಮ್ಮ. "ಆಮೇಲೆ ಮತ್ತೆ ಸೇರೋಣ. ನೀವು ನನ್ನ ಜೊತೆ ಬನ್ನಿ." ಕೊನೆಯ ಮಾತು ಸೊಲ್ಯೂಷನ್‌ಗೆ.

ಅವರೆಲ್ಲ ಹೊರಟ ಮೇಲೆ ಜರಡಿ ಆ ಕಡತವನ್ನು ಕೊನೆಯಿಂದ ತಿರುವಿದಳು. ಶಾಸನ ಶಿಸ್ತಿನವನು. ಪ್ರೋಗ್ರಾಮಿನ ಪೂರ್ತಿ ಪ್ರತಿಯನ್ನು ಅಚ್ಚು ಹಾಕಿಸಿ ಕೊನೆಯಲ್ಲಿ ಹೊಲಿದಿಟ್ಟಿದ್ದ. ಅದರ ಮೊದಲ ಹಾಳೆಯನ್ನು ಅವಳು ಬಿಡಿಸಿಕೊಂಡಳು.

"ತಂಗೀ, ಈಗ ಯಂತ್ರದಲ್ಲಿ ಇರೋ ಪ್ರೋಗ್ರಾಮಿನ ಮೊದಲ ಹಾಳೆ ಅಚ್ಚು ಹಾಕಿ ಕೊಡು."

ಭಾಷೆ ಅವಳಿಗೆ ಓದಲು ಬರುತ್ತಿರಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಹಳೆಯ ಹಾಳೆಯ ಮೇಲೆ ಹೊಸದನ್ನು ಇಟ್ಟು, ಅಂಚಿಗೆ ಅಂಚು ಕೂಡಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಎರಡರಲ್ಲೂ ತೂರಿ ಬಂತು.

ಸಾಲಿನ ಮೇಲೆ ಸಾಲು ಸರಿಯಾಗಿ ಕೂತಿತು. ಒಂದು ಚುಕ್ಕೆಯೂ ಆಚೀಚೆ ಇಲ್ಲ. ಒಂಬತ್ತನೇ ಸಾಲಿನಲ್ಲಿ ಮಾತ್ರ, ಆ ತುದಿಗೊಂದು ಈ ತುದಿಗೊಂದು, ಉಗುರಿನ ಗೀರಿನಂಥ ಎರಡು ಬಾಗಿದ ಗೆರೆ ಹೆಚ್ಚಿದ್ದವು.

ಎರಡು ಕಂಸ. ಅಷ್ಟೇ.

ಅವಳು ಬಾಗಿಲು ತೆರೆದು ಶಾಸನನನ್ನು ಕೈತೊಳೆಯುವ ಕೋಣೆಗೆ ಕರೆದಳು. ಅಲ್ಲಿಯವರೆಗೆ ಬರಲು ಅವನಿಗೆ ಅಡ್ಡಿಯಿರಲಿಲ್ಲ. ಸಾಲು ಸಾಲು ತೊಟ್ಟಿಗಳು, ಸಾಬೂನಿನ ವಾಸನೆ. ತಂಗಿಯೂ ಹಿಂದೆ ಬಂದು ಬಾಗಿಲ ಬಳಿ ನಿಂತಳು.

"ಒಂಬತ್ತನೇ ಸಾಲು," ಅಂದಳು ಜರಡಿ. "ಅದೇನು?"

ಶಾಸನ ಹಾಳೆ ತೆಗೆದುಕೊಂಡ. "ಆವೃತ್ತಿ ಕೇಳೋ ಸಾಲು. ಕಾವಲು." ಆಮೇಲೆ ಅವನ ಬೆರಳು ಕಂಸದ ಮೇಲೆ ನಿಂತಿತು.

"ಕಂಸದೊಳಗೆ ಹಾಕಿದ್ರೆ?"

"ಯಂತ್ರ ಅದನ್ನ ಓದಲ್ಲ. ಬರೀ ಟಿಪ್ಪಣಿ ಅಂದ್ಕೊಂಡು ದಾಟಿ ಹೋಗುತ್ತೆ."

"ಅಂದ್ರೆ ಯಾರೋ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ್ದಾರೆ. ನಿಮ್ಮ ಭಾಷೆ ಬಲ್ಲವರು. ಸೊಲ್ಯೂಷನ್‌ಗೆ ಓದೋಕೂ ಬರಲ್ಲ. ಅದನ್ನ ಅವನು ಊರಿಗೆಲ್ಲ ಜಂಭ ಕೊಚ್ಚಿಕೊಂಡು ಸಾರಿದ್ದಾನೆ. ಅವನ ಅಹಂಕಾರವೇ ಅವನಿಗೆ ಸಾಕ್ಷಿ ಹೇಳ್ತಿದೆ. ಹಾಗಾದ್ರೆ ಯಾರು?"

ಶಾಸನ ಉತ್ತರ ಹೇಳುವ ಮೊದಲು ತಲೆ ಎತ್ತಿ ತಂಗಿಯನ್ನು ನೋಡಿದ. ಒಂದೇ ಕ್ಷಣ. ಜರಡಿ ಆ ಕ್ಷಣವನ್ನು ಎತ್ತಿಟ್ಟುಕೊಂಡಳು.

"ನಾನೇ," ಅಂದ.

"ಯಾಕೆ?"

"ಲೈಬ್ರರಿ ಬದಲಾಗುತ್ತೆ ಅಂತ ಶುಕ್ರವಾರ ಸಂಜೆಯೇ ಗೊತ್ತಾಗಿತ್ತು. ಕಾವಲು ಇದ್ರೆ ನನ್ನ ಪ್ರೋಗ್ರಾಮ್ ನಿಲ್ಲುತ್ತೆ. ನಿಂತ ಕೂಡಲೇ ಆ ಮನುಷ್ಯ ಎಲ್ಲರ ಮುಂದೆ, ನೋಡಿ, ಶಾಸನದ ಕಥೆ ಮುಗೀತು, ಅಂತಾನೆ. ಆ ಮಾತು ಅವನ ಬಾಯಲ್ಲಿ ಬರಬಾರದಿತ್ತು." ಅವನು ನಗಲು ನೋಡಿದ, ಆಗಲಿಲ್ಲ. "ಬಾಗಿಲ ಸಾಲು ಯಾರೂ ಕದಲಿಸಲ್ಲ ಅಂದ್ಕೊಂಡಿದ್ದೆ. ಎಷ್ಟೇ ದಡ್ಡನಾದ್ರೂ ಅದನ್ನ ಮಾಡಲ್ಲ ಅಂದ್ಕೊಂಡಿದ್ದೆ. ಅವನ ದಡ್ಡತನಕ್ಕೂ ಒಂದು ಮಿತಿ ಇರುತ್ತೆ ಅಂತ ನಂಬಿದ್ದು ನನ್ನ ತಪ್ಪು."

ಜರಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಬ್ಬ ಸೂಜಿ ಕುಣಿಸಲು ಹೊರಟ. ಇನ್ನೊಬ್ಬ ಮೂಗು ಮೇಲೆ ಮಾಡಿಕೊಳ್ಳಲು ಹೊರಟ. ನಡುವೆ ಮಲಗಿದ್ದವನು, ಮೂವತ್ತು ವರ್ಷ ಊರವರನ್ನು ಕ್ಷೇಮವಾಗಿ ಮನೆ ಮುಟ್ಟಿಸಿದ ಒಬ್ಬ ಡ್ರೈವರ್.

"ಥೂ," ಅಂದಳು. ಇನ್ನೇನೂ ಹೇಳಬೇಕೆನಿಸಲಿಲ್ಲ. ಆಮೇಲೆ ಕೇಳಿದಳು, "ಶುಕ್ರವಾರ ಸಂಜೆ ನಿಮಗೆ ಹೇಳಿದವರು ಯಾರು?"

ಶಾಸನ ಹಾಳೆಯನ್ನು ಅವಳ ಕೈಗೆ ಮರಳಿಸಿದ.

"ನಾನು ಹೇಳ್ದೆ," ಬಾಗಿಲ ಬಳಿಯಿಂದ ತಂಗಿಯ ದನಿ ಬಂತು. "ಗೋಡೆಗೆ ಪರದೆ ಹಾಕೋಕೆ ಬಂದವರು ಮಾತಾಡ್ಕೊಳ್ತಿದ್ರು. ಭಾನುವಾರ ತಂತಿ ಎಳೆದು ಲೈಬ್ರರಿ ಬದಲಾಯಿಸ್ತಾರೆ ಅಂತ. ಮನೆಗೆ ಹೋಗಿ ಅಣ್ಣನಿಗೆ ಹೇಳ್ದೆ."

"ನನ್ನ ಮನೆ ಬಾಗಿಲಿಗೆ ಬಂದು ಅತ್ತಿದ್ದೆಯಲ್ಲ, ಆವತ್ತು ಇದನ್ನ ಯಾಕೆ ಹೇಳಲಿಲ್ಲ?"

ತಂಗಿ ತಲೆ ತಗ್ಗಿಸಿದಳು. ಅವಳ ಕೈ ಒದ್ದೆಯಿರಲಿಲ್ಲ, ಆದರೂ ಬಟ್ಟೆಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರಮ್ಮ ಒಬ್ಬರೇ ಬಂದಿದ್ದರು.

"ಹತ್ತು ನಿಮಿಷ ಆಯ್ತು. ಅವನ ಪ್ರಶ್ನೆಗೆ ಉತ್ತರ ಸಿಕ್ತಾ? ಕಾವಲು ತೆಗೆದವರು ಯಾರು?"

"ನಾನು," ಅಂದ ಶಾಸನ.

"ನಾನು," ಅಂದಳು ತಂಗಿ.

ಎರಡು ದನಿಗಳೂ ಒಟ್ಟಿಗೆ ಬಂದು ಗೋಡೆಗೆ ಬಡಿದು ಮರಳಿದವು. ಅಣ್ಣ ತಂಗಿಯತ್ತ ತಿರುಗಿದ. "ಸುಮ್ನಿರು ನೀನು!"

"ನೀನು ಸುಮ್ನಿರು ಅಣ್ಣ! ಅಕ್ಕಾ, ನನಗೂ ಆ ಭಾಷೆ ಬರುತ್ತೆ. ಚಿಕ್ಕವಳಿದ್ದಾಗ ಅಣ್ಣನೇ ಕಲಿಸಿದ್ದ. ಅವನ ಒಂಬತ್ತು ವರ್ಷದ ಕೆಲಸ ಕಸಕ್ಕೆ ಹೋಗಬಾರದು ಅಂತ ನಾನೇ—"

"ಅವಳಿಗೆ ಏನೂ ಬರಲ್ಲ! ಸುಳ್ಳು ಹೇಳ್ತಿದ್ದಾಳೆ!"

ದೊಡ್ಡ ಡಾಕ್ಟರಮ್ಮ ಕೈ ಎತ್ತಿದರು.

"ಯಾವತ್ತು?" ಅವರು ಜರಡಿಯನ್ನು ಕೇಳಿದರು. "ಆ ಸಾ‍ಲು ಬದಲಾದದ್ದು ಯಾವತ್ತು ಅಂತ ಗೊತ್ತಾ?"

ತಂಗಿ ತೆಗೆದುಕೊಟ್ಟ ಹಾಳೆಯ ತಳದಲ್ಲಿ ಫೈಲಿನ ಸಮಯ ಅಚ್ಚಾಗಿತ್ತು. ಜರಡಿ ಕನ್ನಡಕ ಸರಿಪಡಿಸಿಕೊಂಡು ಓದಿದಳು. "ಶನಿವಾರ. ಮಧ್ಯಾಹ್ನ ಮೂರು ಹತ್ತು."

"ಈ ಕೋಣೆಯ ಕಂಪ್ಯೂಟರಿನಲ್ಲೇ?"

"ಶನಿವಾರದವರೆಗೂ ಅದಕ್ಕೆ ಹೊರಗಿನ ನೆಟ್‌ವರ್ಕ್ ತಂತಿ ಇರಲೇ ಇಲ್ಲ. ಮುಂದೆ ಕೂತೇ ಮಾಡಬೇಕು."

ದೊಡ್ಡ ಡಾಕ್ಟರಮ್ಮನ ಮುಖದ ಬಣ್ಣ ಬದಲಾಯಿತು. ಅವರು ಅಣ್ಣನನ್ನು ನೋಡಿದರು, ತಂಗಿಯನ್ನು ನೋಡಿದರು, ಕೊನೆಗೆ ಗಾಜಿನಾಚೆಯ ಯಂತ್ರವನ್ನು ನೋಡಿದರು.

"ತಿಂಗಳಿಗೊಮ್ಮೆ ಈ ಕೋಣೆಗೆ ಔಷಧದ ಹೊಗೆ ಹಾಕ್ತೀವಿ. ಶನಿವಾರ ಮಧ್ಯಾಹ್ನ ಒಂದಕ್ಕೆ ಎಲ್ಲರನ್ನೂ ಹೊರಗೆ ಕಳಿಸಿ, ಬೀಗ ಹಾಕಿ, ಕೀ ತಗೊಂಡು ಹೋದವಳು ನಾನು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೈಯಾರೆ ತೆರೆದೆ. ಇರೋದು ಅದೊಂದೇ ಕೀ." ಅವರ ದನಿ ತಗ್ಗಿತು. "ಮೂರು ಗಂಟೆಗೆ ನೀವಿಬ್ಬರೂ ಒಳಗೆ ಇರೋಕೆ ಸಾಧ್ಯವೇ ಇಲ್ಲ. ಆ ಹೊಗೆಯಲ್ಲಿ ಯಾರೂ ಇರೋಕೆ ಸಾಧ್ಯವಿಲ್ಲ."

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಅವಳೇ ಮಾಡಿರಬೇಕು ಎಂದು ಅವನು, ಅವನೇ ಮಾಡಿರಬೇಕು ಎಂದು ಅವಳು, ಐದು ದಿನ ನಿದ್ದೆಗೆಟ್ಟವರ ಮುಖಗಳವು.

"ನೀನಲ್ವಾ?" ಅಂದ ಶಾಸನ, ಮೆಲ್ಲಗೆ.

ತಂಗಿ ಇಲ್ಲವೆಂದು ತಲೆಯಾಡಿಸಿದಳು.

ಗಾಜಿನಾಚೆ, ಯಾರೂ ಇಲ್ಲದ ಮಿಶ್ರಣ ಕೋಣೆಯಲ್ಲಿ, ಯಾರೂ ಗುಂಡಿ ಒತ್ತದೆ, ಪಂಪು ತಾನಾಗಿ ಗುರ್ರೆಂದು ಶುರುವಾಯಿತು.